ತಲೆಗೆ ಬಿದ್ದ ಪೆಟ್ಟು, ವರ್ಷಗಳ ನಂತರ: ಸ್ಕ್ಯಾನ್ ನಾರ್ಮಲ್, ಆದರೆ ಮನುಷ್ಯ ಮೊದಲಿನಂತಿಲ್ಲ

ಯೋಧನ ಮಡದಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಪದಾತಿ ದಳದಲ್ಲಿದ್ದವರು. ಸೇವೆಯಲ್ಲಿದ್ದಾಗ ಅವರಿದ್ದ ಗಾಡಿ ನೆಲಬಾಂಬಿಗೆ ಸಿಕ್ಕಿತ್ತು. ಮೈಮೇಲೆ ದೊಡ್ಡ ಗಾಯವೇನೂ ಆಗಲಿಲ್ಲ. ಸ್ವಲ್ಪ ಹೊತ್ತು ಮಂಕು ಕವಿದು, ಕಿವಿ ಗುಂಯ್ ಅಂದು, ಸುತ್ತ ಏನಾಗುತ್ತಿದೆ ಅಂತ ತಿಳಿಯದೆ ಕೂತಿದ್ದರಂತೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಒಂದಷ್ಟು ದಿನ ವಿಶ್ರಾಂತಿ ಕೊಟ್ಟು ಮತ್ತೆ ಡ್ಯೂಟಿಗೆ ಕಳಿಸಿದರು.

ಈಗ ನಿವೃತ್ತರು. ವಯಸ್ಸು ಇನ್ನೂ ಐವತ್ತಾಗಿಲ್ಲ. ಮಾತಿನ ನಡುವೆ ಬೇಕಾದ ಪದ ಸಿಗದೆ ತಡಕಾಡುತ್ತಾರೆ. ವಾರದಲ್ಲಿ ಮೂರ್ನಾಲ್ಕು ದಿನ ತಲೆನೋವು, ಬೆಳಕು ಕಂಡರಾಗದು. ಮಕ್ಕಳ ಕೈಯಿಂದ ಏನಾದರೂ ಬಿದ್ದು ಸದ್ದಾದರೆ ಸಾಕು, ಸಿಡಿದೇಳುತ್ತಾರೆ. ಆಮೇಲೆ ತಾವೇ ಕೂತು ಕೊರಗುತ್ತಾರೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆ, ಆದರೂ ಬೆಳಿಗ್ಗೆ ಎದ್ದಾಗ ನಿದ್ದೆಯೇ ಮಾಡದವರ ಮುಖ. ಒಬ್ಬ ವೈದ್ಯರು ಎಲ್ಲ ಮನಸ್ಸಿನದು ಅಂದರು. ಇನ್ನೊಬ್ಬರು ಹಳೇ ಪೆಟ್ಟಿನದೇ ಅಂದರು. ಪಿಂಚಣಿ ಕಚೇರಿಯಲ್ಲಿ "ಸ್ಕ್ಯಾನ್ ನಾರ್ಮಲ್ ಇದೆ, ಹಾಗಾಗಿ ಸಂಬಂಧವಿಲ್ಲ" ಅಂತ ಒಂದೇ ಸಾಲಿನಲ್ಲಿ ಮುಗಿಸಿದರು.

ಅಂಥ ಸಣ್ಣ ಪೆಟ್ಟು ಇಷ್ಟು ವರ್ಷದ ಮೇಲೂ ಕಾಡಬಹುದಾ? ಇದು ಮುಂದೆ ಮರೆವಿನ ಕಾಯಿಲೆಗೆ ತಿರುಗುತ್ತದಾ? ಏನೇನು ಪರೀಕ್ಷೆ ಮಾಡಿಸಬೇಕು? ಗೊತ್ತಿರುವವರು ಬಿಡಿಸಿ ಹೇಳಿ.

ನರರೋಗ ವೈದ್ಯೆ

ಆ ಕಚೇರಿಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ತಪ್ಪು. ಸಿಟಿ ನಾರ್ಮಲ್ ಇದೆ ಎಂಬುದು ಮೆದುಳಿಗೆ ಪೆಟ್ಟಾಗಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಸೇನಾ ವೈದ್ಯಕೀಯದಲ್ಲಿ ಬಳಸುವ ಅಳತೆಗೋಲಿನಲ್ಲಿ "ಲಘು" ಮೆದುಳು ಗಾಯ ಅಂದರೆ ಪ್ರಜ್ಞೆ ತಪ್ಪಿದ್ದು 30 ನಿಮಿಷದೊಳಗೆ, ಗೊಂದಲ ಅಥವಾ ಮಂಕು 24 ಗಂಟೆಯೊಳಗೆ, ಮತ್ತು ಸಾಮಾನ್ಯ ಸ್ಕ್ಯಾನಿನಲ್ಲಿ ಏನೂ ಕಾಣದಿರುವುದು. ಅಂದರೆ ಸ್ಕ್ಯಾನ್ ನಾರ್ಮಲ್ ಇರುವುದು ಆ ವ್ಯಾಖ್ಯೆಯ ಒಳಗೇ ಇದೆ. ಅದನ್ನೇ ಮುಂದಿಟ್ಟು ಗಾಯವೇ ಆಗಿಲ್ಲ ಅನ್ನಲು ಬರುವುದಿಲ್ಲ. ಪ್ರಜ್ಞೆ ತಪ್ಪಲೇಬೇಕು ಅಂತಲೂ ಇಲ್ಲ. ನಿಮ್ಮವರು ಏನಾಗುತ್ತಿದೆ ಅಂತ ತಿಳಿಯದೆ ಕೂತಿದ್ದರಲ್ಲ, ಅಷ್ಟು ಸಾಕು.

ಸಿಟಿ ತೋರಿಸುವುದು ರಕ್ತಸ್ರಾವ, ಮೂಳೆ ಮುರಿತ, ದೊಡ್ಡ ಊತ. ಲಘು ಗಾಯದಲ್ಲಿ ಪೆಟ್ಟು ಬೀಳುವುದು ನರಕೋಶಗಳ ಉದ್ದನೆಯ ಎಳೆಗಳಿಗೆ. ತಲೆ ಜೋರಾಗಿ ಅಲುಗಿದಾಗ ಅವು ಎಳೆದಾಡಲ್ಪಟ್ಟು, ಒಳಗಿನ ಸಾಗಾಟ ಕೆಡುತ್ತದೆ. ಅದನ್ನು ನೋಡುವಷ್ಟು ಸೂಕ್ಷ್ಮತೆ ಸಿಟಿಗಿಲ್ಲ, ಮಾಮೂಲಿ ಎಂಆರ್‌ಐಗೂ ಬಹಳ ಸಲ ಇರುವುದಿಲ್ಲ.

ಇನ್ನೊಂದು ವಿಷಯ. 2016ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ಸೇನಾ ವೈದ್ಯಕೀಯ ವಿಶ್ವವಿದ್ಯಾಲಯದ ಡೇನಿಯಲ್ ಪರ್ಲ್ ತಂಡ, ಸ್ಫೋಟಕ್ಕೆ ಸಿಕ್ಕಿ ಆಮೇಲೆ ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ ಸೈನಿಕರ ಮೆದುಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿತು. ಬೂದು ಭಾಗ ಮತ್ತು ಬಿಳಿ ಭಾಗ ಸೇರುವ ಗಡಿಯಲ್ಲಿ, ರಕ್ತನಾಳಗಳ ಸುತ್ತ, ಮೆದುಳು ದ್ರವಕ್ಕೆ ತಾಗುವ ಅಂಚಿನಲ್ಲಿ ವಿಶಿಷ್ಟ ಕಲೆಗಳು ಕಂಡವು. ಸಾಂದ್ರತೆ ಬೇರೆಬೇರೆಯಾದ ಎರಡು ಪದರ ಸೇರುವಲ್ಲೇ ಒತ್ತಡದ ಅಲೆ ಹೆಚ್ಚು ಹಾನಿ ಮಾಡುತ್ತದೆ ಎಂಬ ಭೌತಶಾಸ್ತ್ರದ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ನೋಡಿದ್ದು ಬೆರಳೆಣಿಕೆಯ ಮೆದುಳುಗಳನ್ನು, ಹಾಗಾಗಿ ಅದರಿಂದ ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾಗದು. ಬದುಕಿರುವವರ ಸ್ಕ್ಯಾನಿನಲ್ಲಿ ಅದು ಕಾಣುವುದೂ ಇಲ್ಲ.

ಸಮಾಧಾನದ ಮಾತೂ ಇದೆ. ಒಂದೇ ಒಂದು ಲಘು ಪೆಟ್ಟು ಬಿದ್ದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಗುಣವಾಗುತ್ತಾರೆ. ವರ್ಷಗಟ್ಟಲೆ ಉಳಿದರೆ ಆ ಪೆಟ್ಟಿನ ಜೊತೆಗೆ ಇನ್ನೂ ಏನೇನು ಸೇರಿಕೊಂಡಿದೆ ಅಂತ ಹುಡುಕಬೇಕು. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗೊರಕೆ.

ಹಳೇ ಗನ್ನರ್

ಅಕ್ಕಾ, ನಾನು ಫಿರಂಗಿ ದಳದವನು. ನನ್ನ ತಲೆಗೆ ಯಾವತ್ತೂ ಏಟು ಬಿದ್ದಿಲ್ಲ. ಬಾಂಬಿಗೆ ಸಿಕ್ಕಿಲ್ಲ. ಆದರೂ ನಿಮ್ಮ ಮನೆಯವರ ಪಟ್ಟಿಯಲ್ಲಿರುವ ಅರ್ಧಕ್ಕಿಂತ ಹೆಚ್ಚು ತೊಂದರೆ ನನಗೂ ಇದೆ. ನಾವು ಹಾರಿಸಿದ ಗುಂಡುಗಳೇ ನಮ್ಮ ತಲೆಗೂ ಬಡಿಯುತ್ತಿದ್ದವು ಅಂತ ಆಗ ಯಾರೂ ಹೇಳಲಿಲ್ಲ.

ಭುಜದ ಮೇಲಿಟ್ಟು ಹಾರಿಸುವ ಕಾರ್ಲ್ ಗುಸ್ಟಾಫ್‌ನಂಥ ರಾಕೆಟ್ ಲಾಂಚರ್, ಹೊವಿಟ್ಜರ್, ಮಾರ್ಟರ್, ಬಾಗಿಲು ಒಡೆಯಲು ಇಡುವ ಸ್ಫೋಟಕ, .50 ಕ್ಯಾಲಿಬರ್ ರೈಫಲ್, ಇವೆಲ್ಲ ಹಾರಿಸಿದವನ ಮೇಲೂ ಒತ್ತಡದ ಅಲೆ ಬಿಡುತ್ತವೆ. ಒಂದು ಸಲಕ್ಕೆ ಏನೂ ಅನ್ನಿಸುವುದಿಲ್ಲ. ದಿನವಿಡೀ ತರಬೇತಿ ಮುಗಿಸಿ ಬಂದರೆ ತಲೆ ಭಾರ, ವಾಕರಿಕೆ, ಮಾತು ತಡವಾಗಿ ತಲೆಗೆ ಹೋಗುವುದು. ಮರುದಿನ ಮತ್ತೆ ಅದೇ. ಹೀಗೆ ಇಡೀ ಸೇವೆ. ತರಬೇತಿ ಕೊಡುವವರ ಪಾಡು ಇನ್ನೂ ಕಷ್ಟ: ಕಲಿಯುವವರು ಬದಲಾಗುತ್ತಾರೆ, ಉಸ್ತಾದ್ ಮಾತ್ರ ಪ್ರತಿ ಗುಂಡಿಗೂ ಪಕ್ಕದಲ್ಲೇ ಇರುತ್ತಾನೆ.

ಅಮೆರಿಕದ ರಕ್ಷಣಾ ಇಲಾಖೆ 2024ರ ಆಗಸ್ಟಿನಲ್ಲಿ ಇದಕ್ಕೊಂದು ಆದೇಶ ಹೊರಡಿಸಿತು. ಚದರ ಇಂಚಿಗೆ 4 ಪೌಂಡ್ ದಾಟುವ ಒತ್ತಡವನ್ನು ಎಚ್ಚರಿಕೆಯ ಗೆರೆ ಅಂತ ಇಟ್ಟುಕೊಂಡು, ಆಯುಧದಿಂದ ಎಷ್ಟು ದೂರ ನಿಲ್ಲಬೇಕು, ಅಗತ್ಯವಿಲ್ಲದವರನ್ನು ಹತ್ತಿರ ಬಿಡಬಾರದು ಅಂತ ಹೇಳಿದೆ. ಹೊಸದಾಗಿ ಸೇರುವವರ ಯೋಚನಾಶಕ್ತಿಯನ್ನು ಮೊದಲೇ ಅಳೆದು ದಾಖಲಿಸಿಡಬೇಕು ಅಂತಲೂ ಇದೆ. ಅದೇ ನಿಜವಾಗಿ ಬೇಕಾದದ್ದು. ಸೇರುವಾಗ ಹೇಗಿದ್ದ ಅಂತ ದಾಖಲೆಯೇ ಇಲ್ಲದಿದ್ದರೆ, ಈಗ ಕೆಟ್ಟಿದ್ದಾನೆ ಅಂತ ಹೇಗೆ ತೋರಿಸುವುದು? ನಮ್ಮಂಥವರಿಗೆ ಒಂದು ನಿರ್ದಿಷ್ಟ ಘಟನೆಯೇ ಇಲ್ಲ, ಫಾರಂನಲ್ಲಿ "ಗಾಯವಾದ ದಿನಾಂಕ" ಅಂತ ಕೇಳುವ ಜಾಗದಲ್ಲಿ ಏನು ಬರೆಯಲಿ?

ಆಪ್ತ ಸಮಾಲೋಚಕ

ಇಲ್ಲಿ ಸ್ವಲ್ಪ ಎದುರು ಮಾತಾಡುತ್ತೇನೆ, ಯಾರೂ ಬೇಸರಪಡಬೇಡಿ. ನಾನು ನೋಡುವ ಮಾಜಿ ಸೈನಿಕರಲ್ಲಿ ಎಷ್ಟೋ ಜನ "ನನ್ನ ಮೆದುಳು ಹಾಳಾಗಿದೆ, ಇನ್ನು ಸರಿಯಾಗುವುದಿಲ್ಲ" ಅಂತ ತೀರ್ಮಾನಿಸಿ ಬರುತ್ತಾರೆ. ಆ ನಂಬಿಕೆಯೇ ಅವರನ್ನು ಕುಗ್ಗಿಸುತ್ತದೆ.

2008ರಲ್ಲಿ ಅಮೆರಿಕದ ಸೇನಾ ಮನೋವೈದ್ಯ ಚಾರ್ಲ್ಸ್ ಹೋಗ್ ಮತ್ತು ಸಂಗಡಿಗರು ಇರಾಕಿನಿಂದ ಮರಳಿದ 2,525 ಅಮೆರಿಕನ್ ಸೈನಿಕರನ್ನು ಅಧ್ಯಯನ ಮಾಡಿದರು. ಪ್ರಜ್ಞೆ ತಪ್ಪುವಂತೆ ಪೆಟ್ಟಾಗಿದ್ದವರಲ್ಲಿ 43.9% ಜನರಿಗೆ, ಭಯಾನಕ ಅನುಭವದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆಯಾದ ಪಿಟಿಎಸ್‌ಡಿ ಲಕ್ಷಣಗಳಿದ್ದವು. ಯಾವ ಗಾಯವೂ ಆಗದವರಲ್ಲಿ ಅದು 9.1%. ಮುಖ್ಯ ವಿಷಯ ಮುಂದಿದೆ: ಪಿಟಿಎಸ್‌ಡಿ ಮತ್ತು ಖಿನ್ನತೆಯ ಪಾಲನ್ನು ಲೆಕ್ಕದಿಂದ ತೆಗೆದಾಗ, ತಲೆನೋವೊಂದನ್ನು ಬಿಟ್ಟು ಉಳಿದ ದೈಹಿಕ ದೂರುಗಳಿಗೂ ಲಘು ಮೆದುಳು ಗಾಯಕ್ಕೂ ಗಣನೀಯ ಸಂಬಂಧ ಉಳಿಯಲಿಲ್ಲ. ಸಿಟ್ಟು, ನಿದ್ದೆಗೇಡು, ಸದ್ದಿಗೆ ಬೆಚ್ಚುವುದು, ಗಮನ ನಿಲ್ಲದಿರುವುದು, ಇಷ್ಟೂ ಪಿಟಿಎಸ್‌ಡಿಯಲ್ಲೂ ಇವೆ. ಪಿಟಿಎಸ್‌ಡಿಗೆ ಒಳ್ಳೆಯ ಚಿಕಿತ್ಸೆ ಇದೆ. ಮೆದುಳು ಗಾಯ ಎಂಬ ಹಣೆಪಟ್ಟಿ ಹಿಡಿದುಕೊಂಡು ಆ ಚಿಕಿತ್ಸೆಯಿಂದ ದೂರ ಉಳಿಯುವುದು ದೊಡ್ಡ ನಷ್ಟ.

ಹಳೇ ಗನ್ನರ್

ಸರ್, ನಿಮ್ಮ ಮಾತಿನಲ್ಲಿ ಸತ್ಯವಿದೆ. ಆದರೆ "ಮನಸ್ಸಿನದು" ಅಂದ ಕೂಡಲೇ ಕಡತ ಮುಚ್ಚುವವರನ್ನೂ ನಾವು ಕಂಡಿದ್ದೇವೆ. 2020ರ ಜನವರಿ 8ರಂದು ಇರಾಕಿನ ಐನ್ ಅಲ್ ಅಸದ್ ನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದವು. ಮೊದಲು ಒಬ್ಬ ಅಮೆರಿಕನ್ ಸೈನಿಕನಿಗೂ ಏನೂ ಆಗಿಲ್ಲ ಅಂದರು. ಆಮೇಲೆ ಅಂದಿನ ಅಧ್ಯಕ್ಷರೇ ಅದು ತಲೆನೋವು ಅಷ್ಟೆ, ಗಂಭೀರವಲ್ಲ ಎಂಬಂತೆ ಮಾತಾಡಿದರು. ವಾರಗಳು ಕಳೆದಂತೆ ಲೆಕ್ಕ 100 ದಾಟಿ 110ಕ್ಕೆ ಬಂತು, ಎಲ್ಲವೂ ಮೆದುಳು ಗಾಯ. ಅವರಲ್ಲಿ 29 ಮಂದಿಗೆ ಮಾತ್ರ ಮೊದಲು ಪರ್ಪಲ್ ಹಾರ್ಟ್, ಅಂದರೆ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕ ಬಂತು. ಇನ್ನೂ 39 ಜನ 2021ರ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟೆಲ್ಲ ವ್ಯವಸ್ಥೆ ಇರುವ ಸೇನೆಯಲ್ಲೇ ಹೀಗಾದರೆ ಒಬ್ಬೊಂಟಿ ಸೈನಿಕನ ಮಾತಿಗೆ ಎಷ್ಟು ಬೆಲೆ?

ಇತಿಹಾಸದ ಓದುಗ

ಮೆದುಳಾ, ಮನಸ್ಸಾ ಎಂಬ ಈ ಜಗಳ ನೂರು ವರ್ಷ ಹಳೆಯದು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಬ್ರಿಟಿಷ್ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೈಯರ್ಸ್ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಶೆಲ್ ಶಾಕ್ ಬಗ್ಗೆ, ಅಂದರೆ ಶೆಲ್ ಸಿಡಿತಕ್ಕೆ ಸಿಕ್ಕ ಸೈನಿಕರ ನಡುಕ, ಮಂಕಿನ ಬಗ್ಗೆ ಬರೆದರು. ಫ್ರೆಡರಿಕ್ ಮಾಟ್ ಎಂಬ ರೋಗಶಾಸ್ತ್ರಜ್ಞ ಮೆದುಳಿನೊಳಗೆ ಸಣ್ಣ ರಕ್ತಸ್ರಾವ ಆಗುತ್ತಿರಬೇಕು ಅಂತ ಹುಡುಕುತ್ತಿದ್ದರು. ಬ್ರಿಟಿಷ್ ಸೇನೆ ಅಂಥವರನ್ನು ಎರಡು ಪಟ್ಟಿ ಮಾಡಿತು. ಶತ್ರುವಿನ ಶೆಲ್ ಹತ್ತಿರ ಸಿಡಿದು ಹೀಗಾದವನು ಗಾಯಾಳು. ಅವನಿಗೆ ತೋಳಿನ ಮೇಲೆ ಗಾಯಾಳು ಎಂಬ ಗುರುತಿನ ಪಟ್ಟಿ, ಪಿಂಚಣಿಯ ಹಕ್ಕು. ಉಳಿದವನು ಬರೀ ರೋಗಿ. ಅವನಿಗೆ ಎರಡೂ ಇಲ್ಲ. ಒಂದೇ ಕಂದಕದಿಂದ ಒಂದೇ ರೀತಿ ನಡುಗುತ್ತ ಬಂದ ಇಬ್ಬರಿಗೆ ಎರಡು ಭವಿಷ್ಯ.

ಆ ಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆರೋಪದ ಮೇಲೆ ಗುಂಡಿಟ್ಟು ಕೊಂದ ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನಿಕರು 306 ಮಂದಿ. ಅವರಿಗೆ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನರ ಮೆದುಳಿಗೆ ಪೆಟ್ಟಾಗಿತ್ತು ಅಂತ ಇನ್ನು ಯಾರಿಗೂ ತಿಳಿಯುವುದಿಲ್ಲ.

ನರರೋಗ ವೈದ್ಯೆ

ಸಮಾಲೋಚಕರ ಮಾತಿಗೆ ನನ್ನ ಒಪ್ಪಿಗೆ ಇದೆ, ಒಂದು ಸೇರ್ಪಡೆಯೊಂದಿಗೆ. ಒಂದೇ ಸ್ಫೋಟ ಒಂದೇ ಕ್ಷಣದಲ್ಲಿ ಮೆದುಳನ್ನೂ ಅಲುಗಿಸುತ್ತದೆ, ಸಾವಿನ ಭಯವನ್ನೂ ಒಳಗೆ ಇಳಿಸುತ್ತದೆ. ಭಯವನ್ನು ಹದ್ದುಬಸ್ತಿನಲ್ಲಿ ಇಡಬೇಕಾದ್ದು ಮೆದುಳಿನ ಮುಂಭಾಗ. ಪೆಟ್ಟು ಹೆಚ್ಚಾಗಿ ತಾಗುವುದೂ ಆ ಮುಂಭಾಗಕ್ಕೆ ಹೋಗುವ ಎಳೆಗಳಿಗೇ. ಹಾಗಾಗಿ ಎರಡನ್ನೂ ಬೇರ್ಪಡಿಸಿ ಯಾರು ಎಷ್ಟು ಪಾಲುದಾರರು ಅಂತ ತೂಗಲು ಹೋಗುವ ಬದಲು, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬೇಕು. ಲಘು ಗಾಯ ಆದವರಿಗೂ ಪಿಟಿಎಸ್‌ಡಿಯ ಮಾತಿನ ಚಿಕಿತ್ಸೆಗಳು ಫಲ ಕೊಡುತ್ತವೆ.

ತಂದೆಯ ಮಗಳು

ಇಲ್ಲಿ ಎಲ್ಲರೂ ಲಘು ಗಾಯದ ಬಗ್ಗೆ ಬರೆಯುತ್ತಿದ್ದೀರಿ. ನಮ್ಮಪ್ಪನದು ಹಾಗಲ್ಲ. ಅವರ ತಲೆಬುರುಡೆಯೊಳಗೆ ಶೆಲ್ಲಿನ ಚೂರು ಹೊಕ್ಕಿತ್ತು. ಶಸ್ತ್ರಚಿಕಿತ್ಸೆ ಆಯಿತು, ಗಾಯ ಮಾಯಿತು. ಎಷ್ಟೋ ವರ್ಷದ ಮೇಲೆ, ಎಲ್ಲ ಮುಗಿಯಿತು ಅಂದುಕೊಂಡ ಹೊತ್ತಿನಲ್ಲಿ, ಫಿಟ್ಸ್ ಶುರುವಾಯಿತು. ಯಾರೂ ಹೀಗಾಗಬಹುದು ಅಂತ ಮುಂಚೆ ಎಚ್ಚರಿಸಿರಲಿಲ್ಲ.

ಆಮೇಲೆ ಓದಿ ತಿಳಿದೆ. ವಿಯೆಟ್ನಾಂ ಯುದ್ಧದಲ್ಲಿ ತಲೆಗೆ ತೂರಿದ ಗಾಯವಾದ ಅಮೆರಿಕನ್ ಸೈನಿಕರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. 15 ವರ್ಷದ ಹೊತ್ತಿಗೆ 421 ಜನರಲ್ಲಿ 53% ಮಂದಿಗೆ ಫಿಟ್ಸ್ ಕಾಯಿಲೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು! ಇದು ಮೊದಲೇ ಗೊತ್ತಿದ್ದರೆ ಮೊದಲ ಸಲ ಅಪ್ಪ ಬಿದ್ದಾಗ ನಾವು ಅಷ್ಟು ದಿಗಿಲುಬೀಳುತ್ತಿರಲಿಲ್ಲ.

ಫಿಟ್ಸಿಗಿಂತ ನಮ್ಮನ್ನು ಹಣ್ಣುಮಾಡಿದ್ದು ಸ್ವಭಾವದ ಬದಲಾವಣೆ. ಮೆದುಳಿನ ಮುಂಭಾಗಕ್ಕೆ ಹಾನಿಯಾದರೆ ಮನುಷ್ಯ ಸೋಮಾರಿಯಂತೆ ಕಾಣುತ್ತಾನೆ. ಏಳು ಅಂದರೆ ಏಳುತ್ತಾರೆ, ಸ್ನಾನ ಮಾಡಿ ಅಂದರೆ ಮಾಡುತ್ತಾರೆ, ತಾವಾಗಿ ಯಾವುದನ್ನೂ ಶುರು ಮಾಡುವುದಿಲ್ಲ. ಅದು ಸೋಮಾರಿತನವಲ್ಲ ಅಂತ ಅಮ್ಮನಿಗೆ ಅರ್ಥವಾಗುವಷ್ಟರಲ್ಲಿ ಎಷ್ಟೋ ಜಗಳ ಆಗಿಹೋಗಿತ್ತು. ಅಂಥ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಮಕ್ಕಳಿಗೂ ಹೇಳಿ: ಅಪ್ಪನಿಗೆ ನಿಮ್ಮ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ಅದನ್ನು ತೋರಿಸುವ ದಾರಿಗೆ ಪೆಟ್ಟಾಗಿದೆ ಅಂತ.

ಯೋಧನ ಮಡದಿ

ನಿಮ್ಮ ಕೊನೆಯ ಸಾಲು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ, ತಂಗಿ. ಡಾಕ್ಟರ್, ಮರೆವಿನ ಕಾಯಿಲೆ ಬಗ್ಗೆ ನೀವಿನ್ನೂ ಹೇಳಲಿಲ್ಲ. ಫಿಟ್ಸ್ ಇವರಿಗೂ ಬರಬಹುದಾ?

ನರರೋಗ ವೈದ್ಯೆ

ಫಿಟ್ಸ್ ಬಗ್ಗೆ ಮೊದಲು. ತಲೆಗೆ ತೂರಿದ ಗಾಯದ ಲೆಕ್ಕ ನಿಮ್ಮವರಿಗೆ ಅನ್ವಯಿಸದು. ಸಾಮಾನ್ಯ ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ 30 ವರ್ಷಗಳಲ್ಲಿ ಫಿಟ್ಸ್ ಬಂದವರು ಲಘು ಗಾಯದಲ್ಲಿ 2% ಆಸುಪಾಸು, ತೀವ್ರ ಗಾಯದಲ್ಲಿ 17% ಹತ್ತಿರ.

ಮರೆವಿನ ಕಾಯಿಲೆಗೆ ಬಂದರೆ, 2018ರಲ್ಲಿ ಡೆಬೊರಾ ಬಾರ್ನ್ಸ್ ತಂಡ ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ನೋಡಿತು. ಮೆದುಳು ಗಾಯವಾದ ಸುಮಾರು 1,79,000 ಜನ, ಆಗದವರು ಅಷ್ಟೇ ಜನ. ಪ್ರಜ್ಞೆ ತಪ್ಪದ ಲಘು ಗಾಯದಲ್ಲೂ ಡಿಮೆನ್ಷಿಯಾ ಸಂಭವ ಎರಡು ಪಟ್ಟಿಗಿಂತ ಹೆಚ್ಚಿತ್ತು. ಮಧ್ಯಮ ಅಥವಾ ತೀವ್ರ ಗಾಯದಲ್ಲಿ ನಾಲ್ಕು ಪಟ್ಟಿನ ಸಮೀಪ. "ಎರಡು ಪಟ್ಟು" ಅಂತ ಕೇಳಿ ಎದೆ ಒಡೆದುಕೊಳ್ಳಬೇಡಿ. ಆ ಅಧ್ಯಯನದ ಅವಧಿಯಲ್ಲಿ ಡಿಮೆನ್ಷಿಯಾ ಬಂದದ್ದು ಗಾಯವಾಗದವರಲ್ಲಿ 2.6%, ಗಾಯವಾದವರಲ್ಲಿ 6.1%. ಅಂದರೆ ಗಾಯವಾದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಆ ಅವಧಿಯಲ್ಲಿ ಬರಲಿಲ್ಲ. ಕೈಕಾಲು ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆಯ ಸಂಭವವೂ ಲಘು ಗಾಯದ ನಂತರ 56% ಹೆಚ್ಚು ಅಂತ ಅದೇ ವರ್ಷದ ಇನ್ನೊಂದು ಅಧ್ಯಯನ ಹೇಳಿತು. ಅಲ್ಲೂ ಮೂಲ ಸಂಖ್ಯೆ ಚಿಕ್ಕದು.

ಸಿಟಿಇ, ಅಂದರೆ ತಲೆಗೆ ಪದೇಪದೇ ಪೆಟ್ಟು ಬಿದ್ದು ಮೆದುಳು ಕ್ರಮೇಣ ಕೆಡುವ ಕಾಯಿಲೆ, ಅಂತ ಸುದ್ದಿಯಲ್ಲಿ ಕೇಳಿ ಹೆದರಿದವರೂ ಇರುತ್ತೀರಿ. 2022ರಲ್ಲಿ ಸೈನಿಕರ 225 ಮೆದುಳುಗಳನ್ನು ಪರೀಕ್ಷಿಸಿದಾಗ ಅದು ಸಿಕ್ಕಿದ್ದು 10ರಲ್ಲಿ ಮಾತ್ರ. ಆ ಹತ್ತೂ ಜನ ಮೈಗೆ ಮೈ ತಾಗಿಸಿ ಆಡುವ ಕ್ರೀಡೆ ಆಡಿದವರು. ಬದುಕಿರುವಾಗ ಅದನ್ನು ಖಚಿತಪಡಿಸುವ ಪರೀಕ್ಷೆ ಇಲ್ಲ. ಇದೆ ಅಂತ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಐವತ್ತರೊಳಗಿನವರಲ್ಲಿ ಪದ ಸಿಗದಿರುವುದಕ್ಕೆ, ಮರೆವಿಗೆ ಡಿಮೆನ್ಷಿಯಾಗಿಂತ ನಿದ್ದೆಗೇಡು, ಖಿನ್ನತೆ, ನೋವಿನ ಮಾತ್ರೆಗಳು, ಮದ್ಯ ಇವೇ ಹೆಚ್ಚಾಗಿ ಕಾರಣ. ಇವೆಲ್ಲ ಸರಿಪಡಿಸಬಹುದಾದವು.

ಪುನರ್ವಸತಿ ಚಿಕಿತ್ಸಕಿ

ನಾನು ದಿನಾ ಇಂಥವರ ಜೊತೆಗೇ ಕೆಲಸ ಮಾಡುವವಳು. ಅಕ್ಕ, ಮೊದಲು ನಿದ್ದೆಯ ಪರೀಕ್ಷೆ. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತದಾ ಅಂತ ರಾತ್ರಿ ಗಮನಿಸಿ, ಸಾಧ್ಯವಾದರೆ ಫೋನಿನಲ್ಲಿ ಧ್ವನಿ ಹಿಡಿದಿಡಿ. ಹಾಗೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಇದ್ದರೆ ಬೆಳಗಿನ ತಲೆನೋವು, ಮಂಕು, ಸಿಡುಕು ಎಲ್ಲಕ್ಕೂ ಅದು ಎಣ್ಣೆ ಸುರಿಯುತ್ತದೆ. ಗಾಳಿಯ ಯಂತ್ರ ಹಾಕಿಕೊಂಡು ಮಲಗಲು ಶುರುಮಾಡಿದ ಮೇಲೆ ಬೇರೆಯೇ ಮನುಷ್ಯರಾದವರನ್ನು ನೋಡಿದ್ದೇನೆ.

ತಲೆನೋವಿಗೆ ಎಷ್ಟು ಮಾತ್ರೆ ನುಂಗುತ್ತಿದ್ದಾರೆ ಅಂತ ಎಣಿಸಿ. ಮಾಮೂಲಿ ನೋವಿನ ಮಾತ್ರೆ ತಿಂಗಳಲ್ಲಿ 15 ದಿನ, ಮಿಶ್ರಣದ ಮಾತ್ರೆ ಅಥವಾ ಟ್ರಿಪ್ಟಾನ್ (ಮೈಗ್ರೇನಿಗೆ ಕೊಡುವ ಮಾತ್ರೆ) 10 ದಿನ ದಾಟಿ ಹಾಗೇ ತಿಂಗಳುಗಟ್ಟಲೆ ನಡೆದರೆ ಮಾತ್ರೆಯೇ ತಲೆನೋವು ತರುತ್ತದೆ. ತಲೆನೋವಿಗೂ ಮಾತಿನ ಚಿಕಿತ್ಸೆ ಇದೆ: ಅಮೆರಿಕದಲ್ಲಿ 193 ಮಾಜಿ ಸೈನಿಕರ ಮೇಲೆ ನಡೆದ ಪ್ರಯೋಗದಲ್ಲಿ, ತಲೆನೋವಿಗಾಗಿಯೇ ರೂಪಿಸಿದ ವರ್ತನಾ ಚಿಕಿತ್ಸೆ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚು ಫಲ ಕೊಟ್ಟಿತು.

ಕಣ್ಣು, ಕಿವಿ ಮರೆಯಬೇಡಿ. ದೃಷ್ಟಿ ಪರೀಕ್ಷೆಯಲ್ಲಿ ಎಲ್ಲ ಅಕ್ಷರ ಓದುತ್ತಾರೆ, ಆದರೆ ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣೂ ಒಟ್ಟಿಗೆ ಒಳಮುಖವಾಗಿ ಹೊಂದಿಕೊಳ್ಳುವುದಿಲ್ಲ. ಪುಟ ಓದುವಷ್ಟರಲ್ಲಿ ತಲೆನೋವು. ಕಿವಿಯದೂ ಹಾಗೆಯೇ: ಶ್ರವಣ ಪರೀಕ್ಷೆ ನಾರ್ಮಲ್, ನಾಲ್ಕು ಜನ ಮಾತಾಡುವ ಕಡೆ ಯಾರು ಏನಂದರು ಅಂತ ಹಿಡಿಯಲಾಗದು. ಮನೆಯವರು ಗಮನ ಕೊಡುವುದಿಲ್ಲ ಅಂತ ದೂರುತ್ತಾರೆ. ನಿಜವಾಗಿ ಮೆದುಳು ಸದ್ದುಗಳನ್ನು ಬೇರ್ಪಡಿಸಲು ಒದ್ದಾಡುತ್ತಿರುತ್ತದೆ. ಇಬ್ಬರೇ ಇರುವಾಗ, ಟಿವಿ ಆರಿಸಿ ಮಾತಾಡಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಸುಸ್ತು ವಿಪರೀತವಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಪರೀಕ್ಷೆ ಕೇಳಿ. 2012ರ ಒಂದು ಚಿಕ್ಕ ಅಧ್ಯಯನದಲ್ಲಿ ಸ್ಫೋಟಕ್ಕೆ ಸಿಕ್ಕ 26 ಮಾಜಿ ಸೈನಿಕರಲ್ಲಿ 11 ಜನರ ಹಾರ್ಮೋನುಗಳಲ್ಲಿ ಏರುಪೇರು ಸಿಕ್ಕಿತು. ರಕ್ತ ಪರೀಕ್ಷೆಯಿಂದ ಶುರು ಮಾಡಬಹುದು.

ಒತ್ತಡದ ಆಮ್ಲಜನಕ ಕೋಣೆಯಲ್ಲಿ ಕೂರಿಸಿ ಗುಣಪಡಿಸುತ್ತೇವೆ ಅನ್ನುವವರ ಬಳಿ ದುಡ್ಡು ಸುರಿಯಬೇಡಿ. ಸೇನೆಯೇ ನಡೆಸಿದ ನಿಯಂತ್ರಿತ ಪ್ರಯೋಗಗಳಲ್ಲಿ ಅದು ಹುಸಿ ಚಿಕಿತ್ಸೆಗಿಂತ ಹೆಚ್ಚಿನ ಫಲ ಕೊಡಲಿಲ್ಲ.

ಕಡತ ಬಲ್ಲವನು

ಪಿಂಚಣಿ ವಿಷಯಕ್ಕೆ ಒಂದು ಮಾತು. ಅಮೆರಿಕದಲ್ಲಿ 2014ರ ಜನವರಿಯಿಂದ ಒಂದು ನಿಯಮ ಜಾರಿಯಲ್ಲಿದೆ. ಸೇವೆಯಲ್ಲಾದ ಮೆದುಳು ಗಾಯದ ನಂತರ ಪಾರ್ಕಿನ್ಸನ್ ಲಕ್ಷಣ, ಫಿಟ್ಸ್, ಡಿಮೆನ್ಷಿಯಾ, ಖಿನ್ನತೆ, ಪಿಟ್ಯುಟರಿ ಹಾರ್ಮೋನು ಕೊರತೆ ಬಂದರೆ, ಗಾಯದ ತೀವ್ರತೆ ಮತ್ತು ಕಳೆದ ಕಾಲ ನಿಯಮಕ್ಕೆ ಹೊಂದಿದಾಗ, ಅದು ಗಾಯದಿಂದಲೇ ಬಂದದ್ದು ಅಂತ ಒಪ್ಪಿಕೊಳ್ಳುತ್ತಾರೆ. ಲಘು ಗಾಯಕ್ಕೆ ಕಾಲಮಿತಿ ಬಹಳ ಬಿಗಿ: ಖಿನ್ನತೆ 12 ತಿಂಗಳೊಳಗೆ ಕಾಣಿಸಿರಬೇಕು. ಇದು ನನ್ನ ಮಟ್ಟಿಗೆ ಅನ್ಯಾಯ, ಯಾಕೆಂದರೆ ಸೈನಿಕ ವರ್ಷದೊಳಗೆ ಹೋಗಿ ನನಗೆ ಖಿನ್ನತೆ ಅಂತ ಹೇಳಿಕೊಳ್ಳುವುದೇ ಅಪರೂಪ.

ಯಾವ ದೇಶದ ಕಚೇರಿಯಾದರೂ ಕೇಳುವುದು ಆ ದಿನದ ಕಾಗದ. ಅದು ಇಲ್ಲದಿದ್ದರೆ ಅದೇ ಗಾಡಿಯಲ್ಲಿದ್ದ ಜೊತೆಗಾರರಿಂದ ಲಿಖಿತ ಹೇಳಿಕೆ ಪಡೆಯಿರಿ: ಸ್ಫೋಟ ಎಷ್ಟು ದೂರದಲ್ಲಾಯಿತು, ಇವರು ಆಮೇಲೆ ಹೇಗಿದ್ದರು, ವಾಂತಿ ಮಾಡಿದರಾ, ಕೇಳಿದ್ದನ್ನೇ ಮತ್ತೆ ಕೇಳಿದರಾ. ನೀವು ಮೊದಲ ಬದಲಾವಣೆ ಯಾವಾಗ ಗಮನಿಸಿದಿರಿ ಅಂತಲೂ ಬರೆದಿಡಿ. ಗನ್ನರ್ ಅಣ್ಣ, ನಿಮಗೆ ಒಂದು ದಿನಾಂಕ ಇಲ್ಲದಿದ್ದರೂ ಯಾವ ಆಯುಧ, ಯಾವ ಹುದ್ದೆ, ಎಷ್ಟು ವರ್ಷ ಎಂಬುದು ಸೇವಾ ದಾಖಲೆಯಲ್ಲಿ ಇರುತ್ತದೆ. ಅದನ್ನೇ ಆಧಾರವಾಗಿ ಕೊಡಿ.

ಆಪ್ತ ಸಮಾಲೋಚಕ

ಯಾರೂ ಬಾಯಿಬಿಡದ ವಿಷಯ ನಾನು ಹೇಳಲೇಬೇಕು. ಮೆದುಳು ಗಾಯವಾದ ಮಾಜಿ ಸೈನಿಕರಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದ ಮಾಜಿ ಸೈನಿಕರಿಗಿಂತ ಸುಮಾರು ಒಂದೂವರೆ ಪಟ್ಟು. "ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎಂಬ ಮಾತು ಅವರ ಬಾಯಲ್ಲಿ ಬಂದರೆ ಸಿಟ್ಟಿನ ಮಾತು ಅಂತ ತಳ್ಳಿಹಾಕಬೇಡಿ. ನೇರವಾಗಿ ಕೇಳಿ: ಸಾಯುವ ಯೋಚನೆ ಬರುತ್ತದಾ? ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿ ಆಯುಧವಿದ್ದರೆ ಕೆಲಕಾಲ ಬೇರೆಯವರ ಸುಪರ್ದಿಗೆ ಕೊಡಿ. ಕುಡಿತ ಇದ್ದರೆ ಅಪಾಯ ಇನ್ನೂ ಹೆಚ್ಚು, ಪೆಟ್ಟು ಬಿದ್ದ ಮೆದುಳಿಗೆ ಅದು ತಡೆಯುವುದಿಲ್ಲ.

ಯೋಧನ ಮಡದಿ

ಕೇಳಿದೆ ಸರ್. ಅಂಥ ಯೋಚನೆ ಇಲ್ಲ ಅಂದರು, ಆದರೆ ಕೇಳಿದ್ದಕ್ಕೆ ಅಳುತ್ತಾ ತುಂಬಾ ಹೊತ್ತು ಮಾತಾಡಿದರು. ನಿದ್ದೆಯ ಪರೀಕ್ಷೆಗೆ ಒಪ್ಪಿದ್ದಾರೆ. ಮಾತ್ರೆ ಎಣಿಸಿದೆ, ನೀವು ಹೇಳಿದ ಮಿತಿ ದಾಟಿದೆ. ಅವರ ಜೊತೆ ಗಾಡಿಯಲ್ಲಿದ್ದ ಇಬ್ಬರು ಹೇಳಿಕೆ ಬರೆದುಕೊಡುತ್ತೇವೆ ಅಂದಿದ್ದಾರೆ. ಡಾಕ್ಟರ್, ಮಾತ್ರೆಯನ್ನು ಇವತ್ತೇ ನಿಲ್ಲಿಸಿಬಿಡಲಾ? ಯಾವ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು?

ನರರೋಗ ವೈದ್ಯೆ

ನೀವಾಗಿ ನಿಲ್ಲಿಸಬೇಡಿ. ಕೆಲವು ಮಾತ್ರೆ ಒಮ್ಮೆಲೇ ಬಿಡಬಹುದು, ಕೆಲವನ್ನು ಹಂತಹಂತವಾಗಿ ಇಳಿಸಬೇಕು. ನಿದ್ದೆಗೆ ಅಥವಾ ಗಾಬರಿಗೆ ಅಂತ ಕೊಟ್ಟ ಮಾತ್ರೆ ಇದ್ದರೆ ಇನ್ನೂ ಎಚ್ಚರ, ಹಠಾತ್ತಾಗಿ ಬಿಟ್ಟರೆ ಫಿಟ್ಸ್ ಬರುವ ಸಾಧ್ಯತೆ ಇದೆ. ವೈದ್ಯರು ಬರೆದುಕೊಟ್ಟ ಎಲ್ಲ ಮಾತ್ರೆ ಚೀಟಿಗಳನ್ನೂ ಒಟ್ಟಿಗೆ ತೆಗೆದುಕೊಂಡು ಒಬ್ಬರೇ ವೈದ್ಯರಿಗೆ ತೋರಿಸಿ. ಇಬ್ಬರು ಮೂವರು ಬೇರೆಬೇರೆಯಾಗಿ ಬರೆದ ಮಾತ್ರೆಗಳು ಒಂದಕ್ಕೊಂದು ಹೊಂದದೆ ಮಂಕು ತರುವುದು ನಾನು ಬಹಳ ನೋಡುವ ತೊಂದರೆ.

ತಕ್ಷಣ ಓಡಬೇಕಾದ್ದು: ಮೊದಲ ಸಲ ಫಿಟ್ಸ್ ಬಂದರೆ, ಮೈಯ ಒಂದು ಬದಿ ಬಲ ಕಳೆದುಕೊಂಡರೆ, ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಇದುವರೆಗೆ ಕಾಣದಂಥ ಭಯಂಕರ ತಲೆನೋವು ಬಂದರೆ, ಹೊಸದಾಗಿ ತಲೆಗೆ ಏಟು ಬಿದ್ದು ಮಂಪರು ಹತ್ತಿದರೆ, ಅಥವಾ ಪ್ರಾಣ ಕಳೆದುಕೊಳ್ಳುವ ಮಾತಾಡಿದರೆ. ಎಚ್ಚರವಿದ್ದೂ ಕೆಲವು ಕ್ಷಣ ಶೂನ್ಯ ನೋಡುತ್ತಾ ಕರೆದರೂ ಓಗೊಡದಿದ್ದರೆ ಅದೂ ಫಿಟ್ಸ್ ಆಗಿರಬಹುದು. ಫೋನಿನಲ್ಲಿ ಚಿತ್ರೀಕರಿಸಿ ತನ್ನಿ, ಮತ್ತು ವೈದ್ಯರು ನೋಡುವವರೆಗೆ ಗಾಡಿ ಓಡಿಸಲು ಬಿಡಬೇಡಿ.